ಬೀರುವಿನೊಳಗಿನ ಗಂಗೆ

ದೇಶದ ಪಿಎಚ್.ಡಿ. ಪ್ರಬಂಧಗಳನ್ನೆಲ್ಲ ಎಲ್ಲರಿಗೂ ಹರಿಯಬಿಡುವ ತಾಣಕ್ಕೆ ‘ಶೋಧಗಂಗಾ’ ಎಂದು ಹೆಸರಿಟ್ಟವರಿಗೆ ಪುರಾಣ ಚೆನ್ನಾಗಿ ಗೊತ್ತಿರಬೇಕು. ಗಂಗೆ ಭೂಮಿಗೆ ಇಳಿದದ್ದು ನಿಜ; ಅದಕ್ಕೂ ಮೊದಲು ಜಟೆಯಲ್ಲಿ ಸಿಕ್ಕಿಕೊಂಡು ದಾರಿ ಕಾಣದೆ ಒದ್ದಾಡಿದ್ದೂ ನಿಜ. ವಿಶ್ವವಿದ್ಯಾಲಯಗಳಲ್ಲಿ ಆ ಜಟೆಗೆ ‘ಗೈಡು’ ಎನ್ನುತ್ತಾರೆ.

ಪದವಿ ಘೋಷಣೆಯಾದ 30 ದಿನದೊಳಗೆ ಪ್ರಬಂಧದ ಸಾಫ್ಟ್ ಕಾಪಿ ಕಳಿಸಿ ಎಂದು ಯುಜಿಸಿ 2009ರಲ್ಲೇ ಹೇಳಿತ್ತು. 2016ರಲ್ಲಿ ಪಟ್ಟು ಬಿಗಿಯಾಯಿತು: ಮೊದಲು ಕಾಪಿ, ಆಮೇಲೆ ಪದವಿ. ಮೇಷ್ಟ್ರುಗಳ ಬಾಯಲ್ಲಿ ‘ಗೋಪ್ಯತೆ’ ಎಂಬ ಮಾತು ಮಂತ್ರದಂತೆ ಹೊರಡತೊಡಗಿದ್ದು ಆಮೇಲೆ.

ಮೊನ್ನೆ ಒಂದು ವಿಭಾಗಕ್ಕೆ ಹೋಗಿ ವೀರಗಲ್ಲುಗಳ ಮೇಲಿನ ಪ್ರಬಂಧವೊಂದನ್ನು ಕೇಳಿದೆ. ಕಪ್ಪು ರೆಕ್ಸಿನ್, ಬಂಗಾರದ ಅಕ್ಷರ, ಬೆನ್ನಿಗೆ ಅಂಟಿಸಿದ ಲಕೋಟೆಯಲ್ಲಿ ಸಿಡಿ. ಎಲ್ಲವೂ ಬೀರುವಿನ ಗಾಜಿನಾಚೆ ಕಾಣುತ್ತಿತ್ತು. ಬೀಗದ ಕೈ ಮೇಷ್ಟ್ರ ಜೇಬಿನಲ್ಲಿತ್ತು.

“ಕಾನ್ಫಿಡೆನ್ಷಿಯಲ್ ಕಣ್ರೀ. ಪೇಟೆಂಟ್ ಸಮಸ್ಯೆ ಆಗುತ್ತೆ.”

ವೀರಗಲ್ಲಿಗೆ ಪೇಟೆಂಟು! ದನ ಬಿಡಿಸಲು ಹೋಗಿ ಸತ್ತ ವೀರನೇ ಎದ್ದು ಬಂದು ಅರ್ಜಿ ಹಾಕುತ್ತಾನೇನೋ. ರಸಾಯನಶಾಸ್ತ್ರದವರು ಹಾಗೆಂದರೆ ಒಪ್ಪೋಣ. ಅರ್ಜಿ ಹಾಕುವ ಮುಂಚೆ ಬಯಲಾದರೆ ಪೇಟೆಂಟು ಕೈತಪ್ಪುತ್ತದೆ, ಒಂದೆರಡು ವರ್ಷ ತಡೆಹಿಡಿಯಲಿ. ಕಲ್ಲಿಗೇನು ಗುಟ್ಟು?

ಮೇಷ್ಟ್ರುಗಳ ಭಯದ ಮೂಲ ಬೇರೆ ಇದೆ. 2018ರ ಕೃತಿಚೌರ್ಯ ನಿಯಮದಲ್ಲಿ ಹೋಲಿಕೆ ಶೇ 10ರವರೆಗೆ ಇದ್ದರೆ ಮಾಫಿ. ಕನ್ನಡದವರಿಗಂತೂ ಇನ್ನೂ ಒಂದು ವರ ಸಿಕ್ಕಿತ್ತು: ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದು ಹೋಲಿಕೆ ಹುಡುಕುವ ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಯೂನಿಕೋಡ್ ಕನ್ನಡದ ಜೊತೆ ತಾಳೆಯೇ ಆಗದು. ಯಂತ್ರವನ್ನು ದಾಟಿದ ಪ್ರಬಂಧ ಓದುಗನನ್ನು ದಾಟಬೇಕಲ್ಲ. ಅವನ ಕಣ್ಣಿಗೆ ಫಾಂಟಿನ ಹಂಗಿಲ್ಲ. ಶಿಷ್ಯನ ಮೂರನೇ ಅಧ್ಯಾಯ ಗುರುವಿನ ಹಳೇ ಲೇಖನದಿಂದ ಬಂದಿದೆಯೋ, ಗುರುವಿನ ಹೊಸ ಪುಸ್ತಕ ಶಿಷ್ಯನ ಮೂರನೇ ಅಧ್ಯಾಯದಿಂದ ಬಂದಿದೆಯೋ ಎಂದು ಕೇಳಿಬಿಡುತ್ತಾನೆ. ಗುರು-ಶಿಷ್ಯರ ನಡುವಿನ ಇಷ್ಟು ಆಪ್ತ ಸಂಗತಿಯನ್ನು ಊರಿಗೆಲ್ಲ ಹೇಳುವುದುಂಟೇ?

ಅಂದಹಾಗೆ, ಸುಮಾರು 13,000 ನಿಯತಕಾಲಿಕಗಳನ್ನು ನಮ್ಮವರು ಓದಲೆಂದು ಕೇಂದ್ರ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟಿದೆ. ಈ ಬೀರುವಿಗೆ ನಕಲಿ ಕೀಲಿ ಮಾಡಿಸಲು ಅದರಲ್ಲಿ ಒಂದು ಐವತ್ತು ರೂಪಾಯಿ ಸಿಕ್ಕೀತೇ?

ನನ್ನ ಮುಖ ನೋಡಿ ಮೇಷ್ಟ್ರಿಗೆ ಕನಿಕರ ಬಂತು. “ಇದು ಬೇಕಾದ್ರೆ ನೋಡ್ಕೊಳ್ಳಿ, ಓಪನ್ ಇದೆ” ಎಂದು ಕಂಪ್ಯೂಟರಿನಲ್ಲಿ ಸೋಬಾನೆ ಪದಗಳ ಪ್ರಬಂಧ ತೆಗೆದರು. ಕೃತಜ್ಞತೆಯ ಪುಟದಲ್ಲಿ ಗುರುಪತ್ನಿಯ ಕಾಫಿಗೂ ನಮಸ್ಕಾರವಿತ್ತು. ಕೊನೆಯಲ್ಲಿ ಅನುಬಂಧ, ವಕ್ತೃಗಳ ವಿವರ: ಹಾಡು ಹೇಳಿಕೊಟ್ಟ ಇಪ್ಪತ್ತೆರಡು ಅಜ್ಜಿಯರ ಹೆಸರು, ವಯಸ್ಸು, ಜಾತಿ, ಊರು. ಕೆಲವರ ಮುಂದೆ ‘ವಿಧವೆ’. ಇಬ್ಬರ ಮುಂದೆ ಮಗನ ಮೊಬೈಲ್ ನಂಬರು.

“ಇದಕ್ಕೆ ಗೋಪ್ಯತೆ ಬೇಡವಾ ಸಾರ್?”

“ಅದು ಬರೀ ಅನುಬಂಧ ಅಲ್ವೇನ್ರೀ” ಎಂದ ಮೇಷ್ಟ್ರು, ಬೀರುವಿನ ಹಿಡಿಯನ್ನು ಇನ್ನೊಮ್ಮೆ ಎಳೆದು ನೋಡಿ, ಕೀಲಿ ಜೇಬಿಗಿಟ್ಟುಕೊಂಡು ಊಟಕ್ಕೆ ಹೊರಟರು.