ಹನ್ನೊಂದು ಒಂದುಗಳ ಖಾತೆದಾರ

ಮೂವತ್ತು ವರ್ಷ ಗೋಡೆ ಕಟ್ಟಿದ ಗಾರೆ ಮೇಸ್ತ್ರಿಗೆ ತಾನು ಗಾರೆ ಮೇಸ್ತ್ರಿ ಎಂಬುದು ಗೊತ್ತಿರಲಿಲ್ಲ. ಕೇಂದ್ರ ಸರ್ಕಾರ ಅದನ್ನು ಪತ್ತೆ ಹಚ್ಚಿ ಪುಣ್ಯ ಕಟ್ಟಿಕೊಂಡಿತು. 2015ರ ಜುಲೈ 15ರಂದು ಶುರುವಾದ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಕೆಲಸ ಇಲ್ಲದವರಿಗೆ ಕೆಲಸ ಕಲಿಸುವುದು ಒಂದು ಭಾಗ. ಕೆಲಸ ಬಲ್ಲವರಿಗೆ ‘ನಿನಗೆ ಕೆಲಸ ಬರುತ್ತದೆ’ ಎಂದು ಬರೆದುಕೊಡುವುದು ಇನ್ನೊಂದು. ಈ ಎರಡನೆಯದರ ಹೆಸರು ಪೂರ್ವ ಕಲಿಕೆಯ ಮಾನ್ಯತೆ.

ಮೇಸ್ತ್ರಿಯನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ್ದಾರೆ ಅಂದುಕೊಳ್ಳಿ. ಬೆನ್ನ ಹಿಂದೆ ಫ್ಲೆಕ್ಸು. ಇಸ್ತ್ರಿ ಅಂಗಿಯ ತರಬೇತುದಾರ ರಸಮಟ್ಟ ಎತ್ತಿ ತೋರಿಸುತ್ತಾನೆ.

‘ಇದೇನು ಹೇಳಿ ನೋಡೋಣ?’

‘ನಂದೇ ಸಾರ್. ಆಗಲೇ ಈಸ್ಕೊಂಡ್ರಲ್ಲ.’

ಮೇಸ್ತ್ರಿ ಪಾಸು! ಒಂದೆರಡು ದಿನದ ಪಾಠ, ಒಂದು ಪರೀಕ್ಷೆ, ಒಂದು ಗ್ರೂಪ್ ಫೋಟೊ. ಯೋಜನೆಯ ಎರಡನೇ ಸುತ್ತಿನಲ್ಲಿ ಹೀಗೆ ಪಾಸಾದವರ ಖಾತೆಗೆ 500 ರೂಪಾಯಿ ಹಾಕುವ ಮಾತೂ ಇತ್ತು. ಹುಡುಗನೊಬ್ಬನಿಗೆ ಕರಣೆ ಹಿಡಿಯುವುದನ್ನು ಕಲಿಸಿ ಗೋಡೆ ನೆಟ್ಟಗೆ ನಿಲ್ಲುವಂತೆ ಮಾಡಲು ತಿಂಗಳುಗಟ್ಟಲೆ ಬೇಕು. ಕಲಿತವನನ್ನೇ ಮತ್ತೆ ಕಲಿತವನೆಂದು ಘೋಷಿಸಲು ಪ್ರಿಂಟರ್ ಸಾಕು. ಗುರಿ ಮುಟ್ಟಬೇಕಾದ ಅಧಿಕಾರಿ ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂದು ನಾನು ಬಿಡಿಸಿ ಹೇಳಬೇಕೆ?

ಅಷ್ಟರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಎಂಬ ಅರಸಿಕ ಸಂಸ್ಥೆ ಲೆಕ್ಕದ ಪುಸ್ತಕ ಬಿಚ್ಚಿತು. 2015ರಿಂದ 2022ರವರೆಗಿನ ಲೆಕ್ಕದ ಮೇಲೆ 2025ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಬಂದ ಅದರ ವರದಿಯನ್ನು ಒಳ್ಳೆಯ ಹಾಸ್ಯಲೇಖಕರೂ ಅಸೂಯೆಯಿಂದ ಓದಬೇಕು. ದಾಖಲೆಯಲ್ಲಿದ್ದ ಸುಮಾರು 95.9 ಲಕ್ಷ ಮಂದಿಯಲ್ಲಿ ನೂರಕ್ಕೆ 94ಕ್ಕೂ ಹೆಚ್ಚು ಜನರ ಬ್ಯಾಂಕ್ ಖಾತೆಯ ಜಾಗದಲ್ಲಿ ಸೊನ್ನೆ ಇತ್ತು, ಇಲ್ಲವೇ ಏನೂ ಇರಲಿಲ್ಲ. ತುಂಬಿದವರ ಸಾಲಿನಲ್ಲೂ 11111111111 ಎಂಬ ಖಾತೆ ಸಂಖ್ಯೆ! ಕೆಲವು ಕಡೆ ಸಂಖ್ಯೆಯ ಬದಲು ಹೆಸರು, ವಿಳಾಸ. ರಾಜ್ಯ ಬೇರೆ, ಫಲಾನುಭವಿ ಬೇರೆ, ಫೋಟೊ ಮಾತ್ರ ಅದೇ. ದೇಶದ ಏಕತೆಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ?

ಆ ಒಂದನ್ನು ಹನ್ನೊಂದು ಸಲ ಒತ್ತಿದ ಡೇಟಾ ಎಂಟ್ರಿ ಹುಡುಗನ ಬಗ್ಗೆ ನನಗೆ ಗೌರವವಿದೆ. ಇಡೀ ಯೋಜನೆಯಲ್ಲಿ ನಿಜಕ್ಕೂ ಕೈ ಪಳಗಿದವನು ಅವನೊಬ್ಬನೇ. ಅವನಿಗೊಂದು ಸರ್ಟಿಫಿಕೇಟು ಕೊಟ್ಟರೋ ಇಲ್ಲವೋ.

ಯೋಜನೆ ನಡೆಸುವ ಸಚಿವಾಲಯದ ಸಮಜಾಯಿಷಿಯೂ ಇದೆ: ಹಣ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ, ಹಾಗಾಗಿ ಖಾತೆ ಸಂಖ್ಯೆಯ ಕಡ್ಡಾಯವನ್ನು ಸಡಿಲಿಸಿದ್ದೆವು. ಒಪ್ಪೋಣ. ಆದರೆ ಹಾಗೆ ಹೊರಟ ಹಣ ತಲುಪಿದ್ದು ಸುಮಾರು 18 ಲಕ್ಷ ಜನರಿಗೆ, ಅಂದರೆ ಐವರಲ್ಲಿ ಒಬ್ಬರಿಗೂ ಇಲ್ಲ.

ಕೆಲಸ ಸಿಕ್ಕಿತೇ ಎಂಬ ಪ್ರಶ್ನೆ ಮೇಸ್ತ್ರಿಗೆ ಅನ್ವಯಿಸುವುದಿಲ್ಲ. ಅವನು ಪಾಠ ಮುಗಿದ ಮರುದಿನವೇ ಹಳೇ ಸೈಟಿಗೆ, ಹಳೇ ಕೂಲಿಗೆ ಮರಳಿದ್ದಾನೆ. ಸರ್ಟಿಫಿಕೇಟು ನೋಡಿ ಕೂಲಿ ಏರಿಸುವ ಕಂಟ್ರಾಕ್ಟರ್ ಇನ್ನೂ ಹುಟ್ಟಬೇಕು. ಹೊಸದಾಗಿ ಕಲಿತು ಪಾಸಾದವರಲ್ಲಿ ಉದ್ಯೋಗ ಹಿಡಿದವರು ನೂರಕ್ಕೆ 41 ಎನ್ನುತ್ತದೆ ಅದೇ ವರದಿ. ಅದೂ ಕಾಗದದ ಮೇಲಿನ ಲೆಕ್ಕ. ಒಂದೇ ಫೋಟೊಗೆ ಹಲವು ಹೆಸರು ಕೊಟ್ಟ ಕಾಗದವನ್ನು ಎಷ್ಟು ನಂಬುತ್ತೀರೋ ನಿಮಗೆ ಬಿಟ್ಟದ್ದು.

ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ತರಬೇತಿ ಮುಗಿಸಿದ್ದರೆ ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿ. ವರದಿಯ ಲೆಕ್ಕದಲ್ಲಿ ಪಾಸಾಗಿಯೂ ದುಡ್ಡು ಕಾಣದವರು 34 ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು.