ಅಡ್ಡ ನಿಂತವನ ಜೊತೆ ಅರ್ಧ ಗಂಟೆ

ಹೊಸಪೇಟೆಯ ಒಂದು ಬೇವಿನ ಮರದಡಿ, ಒಂದು ಗಾಲಿ ಕಳೆದುಕೊಂಡು ಗೋಡೆಗೆ ಒರಗಿದ್ದ ಬ್ಯಾರಿಕೇಡ್ ಮಾತಿಗೆ ಸಿಕ್ಕಿತು. ಎದೆಯ ಮೇಲೆ ಚಿನ್ನದಂಗಡಿಯ ಜಾಹೀರಾತು ಅರ್ಧ ಮಾಸಿತ್ತು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ ದಾರಿಗೆ ಅಡ್ಡ ನಿಂತದ್ದು ತಾನೇ ಎಂದು ಅದರ ವಾದ. ಬೇರೆ ಸಾಕ್ಷಿಯಿಲ್ಲ.

ಬ್ಯಾರಿಕೇಡಣ್ಣ, ನಿಮ್ಮನ್ನು ಕರೆದದ್ದು ಯಾವಾಗ?

ಎಲ್ಲಾ ಮುಗದ ಮ್ಯಾಲ ರೀ. ಆಗಸ್ಟ್ 10ರ ರಾತ್ರಿ ಚೈನ್ ಕಡದು 19ನೇ ಗೇಟ್ ಕೊಚ್ಚಿಕೊಂಡು ಹೋತು. ಇದ್ದದ್ದು 33, ಹೋದದ್ದು ಒಂದು. ಕೋಟಿ ಕೊಳ್ಳಿ ಹೋದ ಮ್ಯಾಲ ದಿಡ್ಡಿ ಬಾಗ್ಲ ಹಾಕ್ತಾರಂತಲ್ಲ, ಆ ದಿಡ್ಡಿ ಬಾಗ್ಲ ನಾನು. ಹಂಪ್ಯಾಗೂ ಅದೇ ವರ್ಷ ಮೇ 21ರ ಮಳಿಗೆ ವಿರೂಪಾಕ್ಷ ಗುಡಿ ಮುಂದಿನ ಸಾಲುಮಂಟಪದ ಒಂದು ಭಾಗ ಕುಸೀತು. ಬೀಳೂಕಿಂತ ಮುಂಚೆ ನನ್ನ ಕುಲದವರು ಅಲ್ಲಿ ನಿಂತಿದ್ದು ನೀವು ಕಂಡ್ರೇನು?

ಒಳಗೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಮುಚ್ಚಿಡಾಕ ಏನಿತ್ರಿ? 60 ಅಡಿ ಅಗಲದ ತೂತು! ಒತ್ತಡ ಇಳಸಾಕ ಉಳದ ಗೇಟೂ ಎತ್ತಿ ನೀರು ಬಿಟ್ರು. ಆ ನೀರು ಹಂಪಿ ದಾಟಿ ಕಂಪ್ಲಿ ಕೋಟಿ ಪಕ್ಕದಾಗೇ ಹೋಗಬೇಕು. ಅದಕ್ಕ ಅಡ್ಡ ನಿಲ್ಲೋ ತಾಕತ್ತು ನನಗ ಎಲ್ಲಿಂದ ಬರಬೇಕು?

ಹಾಗಾದರೆ ಜನರನ್ನೇಕೆ ತಡೆದಿರಿ?

ಅದಕ್ಕ ಕಾರಣ ಇತ್ತು, ಸುಳ್ಳು ಹೇಳಂಗಿಲ್ಲ. ಕಟ್ಟಿ ಮ್ಯಾಲಿನ ದಾರಿ ಸಣ್ಣದು. ಕ್ರೇನಿಗೆ ತೂಗಾಡೋ ಉಕ್ಕಿನ ಹಲಗಿ, ಕೆಳಗ ಭೋರ್ಗರಿಯೋ ನೀರು. ಹೋದ ಗೇಟಿನ ಜಾಗಕ್ಕ ಆ ಹಲಗಿ, ಅಂದ್ರ ಸ್ಟಾಪ್‌ಲಾಗ್, ಹರಿಯೋ ನೀರಿನ್ಯಾಗೇ ಇಳಿಸಬೇಕಿತ್ತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರು ಮುಂದ ನಿಂತು ಮಾಡಿಸಿದ್ರು. 16ಕ್ಕ ಮೊದಲನೇ ತುಂಡು ಕುಂತಿತು, ಮರುದಿನಕ್ಕ ಐದೂ ಕುಂತವು. ಅಂಥಲ್ಲಿ ಸೆಲ್ಫಿ ಮಂದಿನ ಬಿಟ್ರ ಗೇಟಿನ ಹಿಂದ ಅವರೂ ಹೋಗ್ತಿದ್ರು. ಹಲಗಿ ತಯಾರಿಸಿದವರೊಳಗ ತೋರಣಗಲ್ಲಿನ ಜಿಂದಾಲ್‌ನವರೂ ಇದ್ರು. ನಾನೂ ಸಂಡೂರು ಅದಿರಿನವನೇ ಅಂತ ನನ್ನ ನಂಬಿಕಿ. ಒಂದೇ ಮಣ್ಣಿನ ಮಕ್ಕಳು ನೋಡ್ರಿ, ಅವು ನೀರು ತಡದವು, ನಾ ಮಂದಿ ತಡದೆ.

(ಇಷ್ಟರ ಮಟ್ಟಿಗೆ ನಾನು ಒಪ್ಪಿದೆ. ಚಹಾ ಬೇಕೇ ಎಂದೆ. ತುಕ್ಕು ಹಿಡಿಯುತ್ತದೆ ಎಂದಿತು.)

ಕಾರಣ ಸರಿಯಿದ್ದ ಮೇಲೆ ಜನ ಏಕೆ ನಂಬಲಿಲ್ಲ?

ಎಲ್ಲರಿಗೂ ಅಡ್ಡ ನಿಂತಿದ್ರ ನಂಬ್ತಿದ್ರು. ಕಾರು ಬಂದಾಗೆಲ್ಲ ಸರದ್ನೆಲ್ರಿ! ಆಗಸ್ಟ್ 13ಕ್ಕ ಬಾಗಿನ ಕೊಡಾಕ ಬರಬೇಕಿದ್ದ ಮುಖ್ಯಮಂತ್ರಿಗಳು ಅವತ್ತೇ ತೂತು ನೋಡಾಕ ಬಂದ್ರು. ಅವರ ಪಕ್ಷದವರು ಬಂದ್ರು, ಎದುರು ಪಕ್ಷದವರೂ ಬಂದ್ರು. ಕಾಲುವಿ ನೀರು ನಂಬಿ ಭತ್ತ ಹಚ್ಚಿದ ರೈತ ಹೊರಗ ನಿಂತಿದ್ದ. ಅವನ ನೀರು ಹೋಗೂದನ್ನ ಬ್ಯಾರೆಯವರು ನೋಡಿ ಬಂದು ಅವನಿಗೆ ಧೈರ್ಯ ಹೇಳಿದ್ರು.

ನಿಮಗೇನು ಅನ್ನಿಸಿತು?

ನನ್ನ ಎದಿ ಓದ್ರಿ. ಬಂಗಾರದ ಆಫರ್. ಇದರ ಜಾಗದಾಗ, ಇವತ್ತು ಎಷ್ಟು ನೀರು ಹೋತು, ಎಷ್ಟು ಉಳೀತು, ಕೆಲಸ ಎಲ್ಲೀತನ ಬಂತು ಅಂತ ದಿನಾ ಒಂದು ಸಾಲು ಸುಣ್ಣದಾಗ ಬರದಿದ್ರ ಅರ್ಧ ಗಾಳಿಸುದ್ದಿ ಅಲ್ಲೇ ಸಾಯ್ತಿತ್ತು. ಸುಣ್ಣಕ್ಕೇನು ಟೆಂಡರ್ ಕರೀಬೇಕೇನು?

ಚೈನ್ ಕಡಿದದ್ದಕ್ಕೆ ಯಾರು ಹೊಣೆ?

ನಾ ರಸ್ತೇದವ, ನನ್ನ ಕೇಳಿದ್ರ? ಮೂರು ರಾಜ್ಯದ ನೀರಿಗೆ ಒಂದು ಬೋರ್ಡ್ ಐತಿ. ಎಪ್ಪತ್ತು ದಾಟಿದ ಕಟ್ಟಿಗೆ ಗೇಟ್ ಹೋದ್ರ ಇಳಸಾಕ ಒಂದು ಸ್ಟಾಪ್‌ಲಾಗ್ ಇಟ್ಟಿರಲಿಲ್ಲ. ಯಾರ ಕಡಿ ಬೆರಳು ತೋರಿಸಿದ್ರೂ ಅವರು ಪಕ್ಕದವರ ಕಡಿ ತಿರುಗಸ್ತಾರ. ಹೊಣೆ ಬರಿಯೋ ಫೈಲಿನ ಮುಂದ ನಿಲ್ಲೋ ಬ್ಯಾರಿಕೇಡ್ ಬ್ಯಾರೆ ಐತ್ರಿ. ಅದಕ್ಕ ಗಾಲಿ ಇಲ್ಲ, ಯಾವ ಕಾರಿಗೂ ಸರಿಯಂಗಿಲ್ಲ.

ಕೊನೆಗೆ ಎಲ್ಲಾ ಸರಿಹೋಯಿತಲ್ಲ?

ಮಳಿ ದೇವರು ದೊಡ್ಡವ. ಕಟ್ಟಿ ಮತ್ತ ತುಂಬ್ತು, ಸೆಪ್ಟೆಂಬರ್ 22ಕ್ಕ ಬಾಗಿನಾನೂ ಆತು. ಮರುವರ್ಷ ಹಳೇ ಗೇಟಿನ ಅಂಜಿಕಿಗೆ 105 ಟಿಎಂಸಿ ಹಿಡಿಯೋ ಕಟ್ಟಿಯೊಳಗ 80ಕ್ಕೇ ನಿಲ್ಲಿಸಿದ್ರು. ಗೇಟ್ ಬದಲಿ ಮಾಡಬೇಕು, ಎರಡನೇ ಬೆಳಿಗೆ ನೀರಿಲ್ಲ ಅಂದ್ರು. ಹೊರಗ ನಿಂತಿದ್ದನಲ್ಲ, ಆ ರೈತನಿಗೇ ಅಂದದ್ದು.