ಬೂಷ್ಟು ಮೀಮಾಂಸೆ

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ, ವಾಸ್ತು ಹೇಗೇ ಇರಲಿ, ಮೊದಲ ಮಳೆಗಾಲದಲ್ಲಿ ಬೀರುವಿನ ಹಿಂದೆ ಆವಿರ್ಭವಿಸುವ ಕಪ್ಪು ಪದಾರ್ಥವೇ ಬೂಷ್ಟು. ಅದು ಇದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಶೂನ್ಯವಾದಿಗಳಾದ ಬ್ರೋಕರುಗಳು "ಅದು ನೆರಳು ಸಾರ್" ಎಂದು ಆಗಲೇ ಬಗೆಹರಿಸಿದ್ದಾರೆ. ನಮ್ಮ ವಿಚಾರ ಅದರ ಉತ್ಪತ್ತಿಯದು; ಹತ್ತು ತಿಂಗಳ ಅಡ್ವಾನ್ಸು ನಿಂತಿರುವುದು ಅದರ ಮೇಲೆ.

ಬಾಡಿಗೆದಾರರೆಲ್ಲ ಸಾಂಖ್ಯರು. ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿರುತ್ತದೆಂಬ ಸತ್ಕಾರ್ಯವಾದ ಇವರದು: ಎಳ್ಳಿನಲ್ಲಿ ಎಣ್ಣೆಯಿದ್ದಂತೆ ಗೋಡೆಯಲ್ಲಿ ಬೂಷ್ಟು ನಾವು ಬರುವ ಮುಂಚೆಯೇ ಇತ್ತು. ಮಾಲೀಕರು ನೈಯಾಯಿಕರು. ಹಿಂದೆ ಇಲ್ಲದ್ದು ಈಗ ಹೊಸದಾಗಿ ಹುಟ್ಟಿತು ಎಂಬುದು ಅವರ ಅಸತ್ಕಾರ್ಯವಾದ. ನಿಮಿತ್ತಕಾರಣ, ರೂಮಿನೊಳಗೆ ಒಣಹಾಕಿದ ಒದ್ದೆ ಟವೆಲ್ಲು. "ನಿಮಗಿಂತ ಮುಂಚೆ ಇದ್ದವರು ಒಂದು ದಿನಾನೂ ಕಂಪ್ಲೇಂಟ್ ಮಾಡಿಲ್ಲ" ಎಂಬುದು ಆಪ್ತವಾಕ್ಯ. ಆ ಆಪ್ತರ ಫೋನ್ ನಂಬರು ಮಾತ್ರ ಯಾರಲ್ಲೂ ಇರುವುದಿಲ್ಲ.

ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ನಡುವಿನ ವಾರದಲ್ಲಿ ಅದ್ವೈತ ಪ್ರವೇಶಿಸುತ್ತದೆ. ಮಾಯೆಯ ಆವರಣಶಕ್ತಿ ಇರುವುದನ್ನು ಮುಚ್ಚುತ್ತದೆ, ವಿಕ್ಷೇಪಶಕ್ತಿ ಇಲ್ಲದ್ದನ್ನು ತೋರಿಸುತ್ತದೆ. ಮೊದಲನೆಯದು ಒಂದು ಕೋಟ್ ಡಿಸ್ಟೆಂಪರ್. ಎರಡನೆಯದು "ಗಾಳಿ ಬೆಳಕು ಚೆನ್ನಾಗಿದೆ". ಈ ಮಾಯೆಯ ಖರ್ಚಿಗೆಂದು ಹೋದವರ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಶಿಷ್ಟಾಚಾರ.

ಇನ್ನು ಸ್ಮೃತಿ. 1882ರ ಸ್ವತ್ತು ಹಸ್ತಾಂತರ ಕಾಯ್ದೆಯ 108ನೇ ಕಲಮಿನ ಪ್ರಕಾರ, ಬಾಡಿಗೆದಾರರ ಕಣ್ಣಿಗೆ ಸುಲಭವಾಗಿ ಬೀಳದ ದೊಡ್ಡ ದೋಷ ಗೊತ್ತಿದ್ದರೆ ಮಾಲೀಕರು ಬಾಯಿಬಿಟ್ಟು ಹೇಳಬೇಕು. ತಾವು ಮಾಡಿಸಬೇಕಾದ ರಿಪೇರಿಯನ್ನು ನೋಟಿಸು ಕೊಟ್ಟ ಮೇಲೂ ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಹಾಗೆ ಹಿಡಿದುಕೊಂಡ ಧೀರರ ವೀರಗಲ್ಲು ಇನ್ನೂ ಪತ್ತೆಯಾಗಿಲ್ಲ. ಇದೆಲ್ಲ ಅನ್ವಯಿಸುವುದೂ ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ. ಕರಾರು ಬರೆಸುವವರು ಮಾಲೀಕರು. ವರ್ಷ ಮೀರಿದರೆ ನೋಂದಣಿ ಕಡ್ಡಾಯವಾದ್ದರಿಂದ ಅದರ ಆಯುಸ್ಸು 11 ತಿಂಗಳು. ಬೂಷ್ಟಿಗೆ ಅಂಥ ತೊಡಕಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಮೊರೆ ಹೋಗೋಣವೆಂದರೆ, ಅದರ ಕರುಣೆ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರದ ಮನೆಗಷ್ಟೇ. ಈಗ ಆ ದುಡ್ಡಿಗೆ ಸ್ಕೂಟರಿಗೆ ನೆರಳು ಸಿಕ್ಕರೆ ಪುಣ್ಯ.

ಪ್ರತ್ಯಕ್ಷವೊಂದನ್ನೇ ಪ್ರಮಾಣವೆನ್ನುವ ಚಾರ್ವಾಕರು ಈ ಶಾಸ್ತ್ರದಲ್ಲಿ ಪ್ಲಂಬರುಗಳು ಮಾತ್ರ. ಗೋಡೆ ಮುಟ್ಟಿ ನೋಡಿ ಅವರು ಹೇಳುವುದಿಷ್ಟು: ಮಳೆ ಬಂದಾಗ ಮಾತ್ರ ಒದ್ದೆಯಾದರೆ ತಾರಸಿಯೋ ಹೊರಗೋಡೆಯೋ ಬಿರುಕು ಬಿಟ್ಟಿದೆ. ಏಪ್ರಿಲ್ ಬಿಸಿಲಲ್ಲೂ ಒದ್ದೆಯಿದ್ದರೆ ಆಚೆಬದಿಯ ಬಾತ್‌ರೂಮಿನ ಪೈಪು. ನೆಲದಿಂದ ಸೊಂಟದೆತ್ತರದವರೆಗೆ ಬಿಳಿ ಉಪ್ಪು ಬಿಟ್ಟುಕೊಂಡಿದ್ದರೆ ಪಾಯದ ತೇವ. ಈ ಮೂರೂ ಮಾಲೀಕರ ಕರ್ಮ. ಗೋಡೆ ಒಳಗೆ ಒಣಗಿದ್ದು, ಮುಚ್ಚಿದ ಕಿಟಕಿಯ ಪಕ್ಕದ ಮೂಲೆಯಷ್ಟೇ ಕಪ್ಪಾಗಿದ್ದರೆ ಅದು ಅಡುಗೆಯ ಹಬೆ, ಟವೆಲ್ಲಿನ ತೇವ, ಬಾಡಿಗೆದಾರರದು.

ಈ ನಿರ್ಣಯ ಕೇಳಿದ ಮೇಲೆ ಉಭಯ ಪಕ್ಷಗಳೂ ಮೊಟ್ಟಮೊದಲ ಬಾರಿಗೆ ಒಂದೇ ಸಿದ್ಧಾಂತಕ್ಕೆ ಬರುತ್ತವೆ: ಪ್ಲಂಬರಿನ ವಿಸಿಟಿಂಗ್ ಚಾರ್ಜು ಆ ಕಡೆಯವರು ಕೊಡತಕ್ಕದ್ದು.